ಬಿಸಿಯಾಗಿ ನಿಂತ ಲಾರಿ: ಹೆಡ್ ಇಳಿಸುವ ಮೊದಲು

ಕೇಳುಗರಿಗೆ ನಮಸ್ಕಾರ.

ಇಂಜಿನ್ ಕಾದು ದಾರಿಯಲ್ಲಿ ನಿಂತ ಲಾರಿಯನ್ನು ಎಳೆದು ತಂದು ದಾವಣಗೆರೆಯ ಪಿ.ಬಿ. ರಸ್ತೆಯಲ್ಲೋ ಚಿತ್ರದುರ್ಗದ ಹೆದ್ದಾರಿ ಬದಿಯಲ್ಲೋ ಇರುವ ಗ್ಯಾರೇಜಿನ ಮುಂದೆ ನಿಲ್ಲಿಸಿದೊಡನೆ ಮಾಲೀಕರು ಕೇಳುವ ಮೊದಲ ಪ್ರಶ್ನೆ, ‘ಹೆಡ್ ಹೋಯಿತೇ?’ ಎಂಬುದು; ಹೆಡ್ ಎಂದರೆ ಸಿಲಿಂಡರುಗಳ ಬಾಯಿ ಮುಚ್ಚುವ ಮೇಲಿನ ಭಾಗ. ಆ ಪ್ರಶ್ನೆಗೆ ಉತ್ತರವಾಗಿ ತಕ್ಷಣ ಸ್ಪ್ಯಾನರ್ ಹಿಡಿದು ಹೆಡ್ ಇಳಿಸುವ ಅವಸರವನ್ನು ನಾನು ಒಪ್ಪುವುದಿಲ್ಲ. ಬಿಚ್ಚಿದ ಮೇಲೆ ಕಾಣದಂತಾಗುವ ಎಷ್ಟೋ ಗುರುತುಗಳು ಬಿಚ್ಚುವ ಮೊದಲು ಹೊರಗಿನಿಂದಲೇ ಸಿಗುತ್ತವೆ; ಹೆಡ್ಡಿನ ತಲೆಗೆ ಕಟ್ಟುವ ಕೆಲವು ದೋಷಗಳು ನಿಜವಾಗಿ ಬೇರೆ ಭಾಗದವಾಗಿರುತ್ತವೆ.

ವಿಚಾರಣೆ ಚಾಲಕರಿಂದ ಆರಂಭವಾಗಬೇಕು. ‘ಗೇಜಿನ ಮುಳ್ಳು ಕೆಂಪಿಗೆ ಹೋಗಿತ್ತು, ಆಮೇಲೆ ತಾನಾಗಿಯೇ ಇಳಿಯಿತು, ಅದಕ್ಕೇ ಓಡಿಸಿಕೊಂಡು ಬಂದೆ’ ಎಂದು ಅವರು ಹೇಳಿದರೆ ಹೆಚ್ಚಿನ ಹಾನಿಯನ್ನೇ ನಿರೀಕ್ಷಿಸಬೇಕಾಗುತ್ತದೆ. ನೀರೆಲ್ಲ ಹೊರಗೆ ಹೋದಾಗ ಸೆನ್ಸಾರ್ ನೀರಿನಲ್ಲಿ ಮುಳುಗಿರದೆ ಬರಿಯ ಗಾಳಿಯಲ್ಲಿ ನಿಲ್ಲುವುದರಿಂದ, ಒಳಗೆ ಕಬ್ಬಿಣ ಕಾಯುತ್ತಲೇ ಇದ್ದರೂ ಮುಳ್ಳು ಕೆಳಗಿಳಿದುಬಿಡಬಹುದು. ಇದಕ್ಕೆ ಪ್ರತಿಯಾಗಿ, ರೇಡಿಯೇಟರ್ ಉಕ್ಕಿದ ಮಾತ್ರಕ್ಕೆ ಇಂಜಿನ್ ಕೆಟ್ಟಿತೆಂದು ತೀರ್ಮಾನಿಸಬೇಕಾಗಿಲ್ಲ. ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿರುವ ಚಿತ್ರದುರ್ಗದಲ್ಲಿ ತೆರೆದ ಪಾತ್ರೆಯ ನೀರು 97, 98 ಡಿಗ್ರಿಗೇ ಕುದಿಯುತ್ತದೆ. ಅದನ್ನು 115 ಡಿಗ್ರಿ ದಾಟುವವರೆಗೂ ಕುದಿಯದಂತೆ ಒತ್ತಡದಲ್ಲಿ ಹಿಡಿದಿಡುವುದು ರೇಡಿಯೇಟರಿನ ಮುಚ್ಚಳ. ಮುಚ್ಚಳದ ಸ್ಪ್ರಿಂಗ್ ಅಥವಾ ರಬ್ಬರ್ ಸೋತಿದ್ದರೆ ಆರೋಗ್ಯವಾಗಿರುವ ಇಂಜಿನ್ನೂ ಉಕ್ಕುತ್ತದೆ. ಕಾದ ಇಂಜಿನ್‌ಗೆ ತಣ್ಣೀರು ಸುರಿದರೇ ಎಂಬುದನ್ನೂ ಕೇಳಿಕೊಳ್ಳಬೇಕು. ಸುರಿದಿದ್ದರೆ ಹೆಡ್ಡಿನಲ್ಲಿ ಎರಡು ವಾಲ್ವುಗಳ ನಡುವಿನ ಕಿರಿದಾದ ಜಾಗ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು.

ಇನ್ನು, ‘ಒಮ್ಮೆ ಸೆಲ್ಫ್ ಹೊಡೆದು ನೋಡೋಣ’ ಎಂಬ ಮಾತಿಗೆ ಕಿವಿಗೊಡಬಾರದು. ಸಿಲಿಂಡರಿನೊಳಗೆ ನೀರು ಸೇರಿದ್ದರೆ ಆ ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರಿದಾಗ ಬಾಗುವುದು ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್. ಮೊದಲು ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳನ್ನು ಬಿಚ್ಚಿ ಫ್ಲೈವೀಲನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ, ನೀರಿರುವ ಸಿಲಿಂಡರ್ ಯಾವುದೆಂದು ಇಂಜೆಕ್ಟರಿನ ರಂಧ್ರದಿಂದ ಚಿಮ್ಮುವ ನೀರೇ ತೋರಿಸುತ್ತದೆ. ಇಂಜೆಕ್ಟರ್ ತೆಗೆದ ಮೇಲೂ ಇಂಜಿನ್ ತಿರುಗದಿದ್ದರೆ ಪಿಸ್ಟನ್ ತಾನು ಚಲಿಸುವ ಕೊಳವೆಗೆ, ಅಂದರೆ ಲೈನರಿಗೆ, ಕಚ್ಚಿಕೊಂಡಿರಬಹುದು, ಅಥವಾ ಬೇರಿಂಗ್ ಹಿಡಿದಿರಬಹುದು.

ಆಮೇಲೆ ಆಯಿಲ್. ಲಾರಿ ಒಂದು ರಾತ್ರಿ ಅಲುಗಾಡದೆ ನಿಂತ ಮೇಲೆ ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನ ಡ್ರೈನ್ ಬೋಲ್ಟನ್ನು ಪೂರ್ತಿ ತೆಗೆಯದೆ, ಹನಿ ಜಿನುಗುವಷ್ಟು ಮಾತ್ರ ಸಡಿಲಿಸಬೇಕು. ನೀರು ಆಯಿಲ್‌ಗಿಂತ ಭಾರವಾದ್ದರಿಂದ ತಳದಲ್ಲಿ ನಿಂತಿದ್ದು ಮೊದಲು ಅದೇ ಹೊರಬರುತ್ತದೆ. ನೀರು ಬೆರೆತ ಮೇಲೂ ಇಂಜಿನ್ ಓಡಿದ್ದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಅಂಥ ಇಂಜಿನ್ನಿನ ಬೇರಿಂಗುಗಳನ್ನು ನೋಡದೆ ಬಿಡುವಂತಿಲ್ಲ. ನೀರು ಎಲ್ಲಿಂದ ಬಂತೆಂದು ತಿಳಿಯಲು ಚೇಂಬರ್ ಇಳಿಸಿ, ರೇಡಿಯೇಟರಿನ ಬಾಯಿಗೆ ಕೈಪಂಪು ಜೋಡಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು, ಕೆಳಗೆ ಮಲಗಿ ಟಾರ್ಚ್ ಹಿಡಿದು ಸಾವಧಾನವಾಗಿ ನೋಡಬೇಕು. ಲೈನರಿನ ಹೊರಮೈಗುಂಟ ಹನಿ ಇಳಿದರೆ ಅದರ ಕೆಳಗಿನ ರಬ್ಬರ್ ಬಳೆ, ಓ ರಿಂಗ್, ಸುಟ್ಟಿದೆ ಎಂದರ್ಥ. ಲೈನರಿನ ಒಳಗಿನಿಂದ, ಪಿಸ್ಟನ್ನಿನ ಪಕ್ಕದಿಂದ ತೊಟ್ಟಿಕ್ಕಿದರೆ ದೋಷ ಹೆಚ್ಚಾಗಿ ಮೇಲಿನದು, ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಗ್ಯಾಸ್ಕೆಟ್ಟಿನದೋ ಹೆಡ್ಡಿನ ಬಿರುಕಿನದೋ. ಅರ್ಧ ಗಂಟೆಯ ಈ ಕೆಲಸವನ್ನು ಬಿಟ್ಟು ಊಹೆಯ ಮೇಲೆ ಹೆಡ್ ಇಳಿಸುವುದು ಏಕೆಂದು ನನಗೆ ಅರ್ಥವಾಗುವುದಿಲ್ಲ.

ರೇಡಿಯೇಟರಿನ ನೀರಿನ ಮೇಲೆ ಆಯಿಲ್ ತೇಲುತ್ತಿದ್ದರೆ ಮೊದಲ ಅನುಮಾನ, ಆಯಿಲನ್ನು ನೀರಿನಿಂದ ತಣಿಸುವ ಆಯಿಲ್ ಕೂಲರಿನ ಮೇಲೆ ಹೋಗಬೇಕು. ಇಂಜಿನ್ ಓಡುವಾಗ ಆಯಿಲ್‌ನ ಒತ್ತಡ ನೀರಿನ ಒತ್ತಡಕ್ಕಿಂತ ಬಹಳ ಹೆಚ್ಚಿರುವುದರಿಂದ, ಕೂಲರ್ ತೂತಾದರೆ ಆಯಿಲ್ ನೀರಿಗೆ ನುಗ್ಗುತ್ತದೆ. ರೇಡಿಯೇಟರಿನಲ್ಲಿ ಗುಳ್ಳೆ ಏಳುವುದನ್ನು ಕಂಡೊಡನೆ ಹೆಡ್ ಗ್ಯಾಸ್ಕೆಟ್ ಎನ್ನುವುದು ವಾಡಿಕೆಯಾಗಿದೆಯಷ್ಟೆ. ಆದರೆ ಬಹಳಷ್ಟು ಲಾರಿಗಳಲ್ಲಿ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರಿನ ತಲೆಯೂ ಇಂಜಿನ್ನಿನ ನೀರಿನಿಂದಲೇ ತಣ್ಣಗಾಗುತ್ತದೆ. ಅದರ ಗ್ಯಾಸ್ಕೆಟ್ ಹೋದರೂ ಗುಳ್ಳೆ ಬರುತ್ತದೆ. ಗಾಳಿಯ ಟ್ಯಾಂಕ್ ತುಂಬಿ ಕಂಪ್ರೆಸರ್ ಹಗುರವಾಗಿ ಓಡತೊಡಗಿದಾಗ ಗುಳ್ಳೆ ನಿಂತರೆ ತಪ್ಪು ಕಂಪ್ರೆಸರಿನದು. ಇಂಜಿನ್ನಿಗೆ ಮರಳಿ ಹೋಗುವ ಹೊಗೆಯನ್ನು ನೀರಿನಿಂದ ತಣಿಸುವ ಇ.ಜಿ.ಆರ್. ಕೂಲರ್ ಇರುವ ಹೊಸ ಲಾರಿಗಳಲ್ಲಿ ನೀರು ಕಡಿಮೆಯಾಗುತ್ತಾ ಬಿಳಿ ಹೊಗೆ ಬರುತ್ತಿದ್ದರೆ ಆ ಕೂಲರನ್ನೂ ಒತ್ತಡ ಕೊಟ್ಟು ಪರೀಕ್ಷಿಸಬೇಕು.

ಪಿಸ್ಟನ್, ರಿಂಗುಗಳ ಸ್ಥಿತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜಿನಿಂದ ತಿಳಿಯುತ್ತದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಕಡಿಮೆ ಬಂದರೆ ಅವುಗಳ ನಡುವೆ ಗ್ಯಾಸ್ಕೆಟ್ ಹಾರಿರಬಹುದು; ಎಲ್ಲದರಲ್ಲೂ ಕಡಿಮೆ ಬಂದು ಚೇಂಬರಿನ ಗಾಳಿ ಹೊರಹೋಗುವ ಬ್ರೀದರಿನಿಂದ ಬ್ಯಾಕ್ ಕಂಪ್ರೆಷನ್, ಅಂದರೆ ರಿಂಗುಗಳನ್ನು ದಾಟಿ ಸೋರಿದ ಅನಿಲ, ಹೊಡೆಯುತ್ತಿದ್ದರೆ ಕಾವಿಗೆ ರಿಂಗುಗಳ ಬಿಗುವು ಹೋಗಿದೆ ಎಂದು ತಿಳಿಯಬೇಕು. ಹಳೆಯ ಆಯಿಲ್ ಫಿಲ್ಟರನ್ನು ಎಸೆಯದೆ ಕತ್ತರಿಸಿ ಅದರ ಕಾಗದವನ್ನು ಬಿಡಿಸಿ ನೋಡುವುದು ಒಳ್ಳೆಯದು. ಅಯಸ್ಕಾಂತಕ್ಕೆ ಅಂಟುವ ಚೂರು ರಿಂಗು, ಲೈನರಿನ ಕಡೆಯದು. ಅಂಟದ ಬಿಳಿಯ ಹೊಳಪಿನ ಚೂರು ಪಿಸ್ಟನ್ನಿನದೋ ಬೇರಿಂಗಿನದೋ ಇರುತ್ತದೆ. ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಮೇಲ್ಪದರ ಸವೆದು ಒಳಪದರ ಹೊರಬಂದಿದೆ.

ಇಷ್ಟಾದ ಮೇಲೆ ಹೆಡ್ ಇಳಿಸಬೇಕಾಗಿ ಬಂದರೆ ಇಳಿಸೋಣ. ಆದರೆ ಅದನ್ನು ನೇರವಾಗಿ, ಮೈ ಸಮತಟ್ಟು ಮಾಡುವ ಫೇಸಿಂಗ್‌ಗೆ ಕಳುಹಿಸದೆ, ಮೊದಲು ಬಿರುಕಿನ ಪರೀಕ್ಷೆ ಮಾಡಿಸಬೇಕು. ಬಿರುಕು ಬಿಟ್ಟ ಹೆಡ್ಡನ್ನು ಎಷ್ಟು ನುಣುಪು ಮಾಡಿದರೂ ನೀರು ಸೋರುತ್ತದೆ. ಲೈನರಿನ ಅಂಚು ಬ್ಲಾಕಿನ ಮೇಲೆ ಎಷ್ಟು ಎದ್ದಿದೆ ಎಂಬುದನ್ನು ಡಯಲ್ ಗೇಜಿನಿಂದ ಅಳೆದು ತಯಾರಕರ ಅಳತೆಗೆ ಹೋಲಿಸುವ ಕೆಲಸವನ್ನು ನಮ್ಮಲ್ಲಿ ಬಿಟ್ಟುಬಿಡುವುದೇ ಹೆಚ್ಚು. ಒಂದು ಲೈನರ್ ಕೂದಲೆಳೆಯಷ್ಟು ತಗ್ಗಿದ್ದರೂ ಅಲ್ಲಿ ಹೊಸ ಗ್ಯಾಸ್ಕೆಟ್ ಬಾಳುವುದಿಲ್ಲ.

ಕಾವಿಗೆ ಕಾರಣವಾದದ್ದನ್ನು ಹುಡುಕದೆ ಕಟ್ಟಿದ ಇಂಜಿನ್ ಮತ್ತೆ ಕಾಯುತ್ತದೆ. ಭೀಮಸಮುದ್ರದ ಕಡೆ ಅದಿರು ಹೊರುವ ಲಾರಿಗಳ ರೇಡಿಯೇಟರಿನ ಜಾಲರಿಗೆ ಕೆಂಪು ಧೂಳು, ದಾವಣಗೆರೆಯ ಮಾರುಕಟ್ಟೆಗೆ ಮೆಕ್ಕೆಜೋಳ ತರುವ ಲಾರಿಗಳಿಗೆ ಹೊಟ್ಟು ಮೆತ್ತಿಕೊಂಡಿರುತ್ತದೆ. ಅದನ್ನು ಫ್ಯಾನಿನ ಕಡೆಯಿಂದ ಹೊರಮುಖವಾಗಿ, ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ನಮ್ಮ ಬೋರ್‌ವೆಲ್ಲುಗಳ ಗಡಸು ನೀರು ಒಳಗಿನ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ; ಶುದ್ಧ ನೀರಿಗೆ ಕೂಲಂಟ್ ಬೆರೆಸಿ ಹಾಕುವುದಕ್ಕೆ ಬದಲಿ ಇಲ್ಲ. ‘ನಮ್ಮ ಬಿಸಿಲಿಗೆ ಥರ್ಮೋಸ್ಟ್ಯಾಟ್ ಬೇಡ’ ಎಂದು, ನೀರು ಕಾದಾಗ ರೇಡಿಯೇಟರಿನ ದಾರಿ ತೆರೆಯುವ ಆ ಕವಾಟವನ್ನು ತೆಗೆದುಹಾಕುವವರಿದ್ದಾರೆ. ಅದು ತೆರೆದುಕೊಂಡಾಗ ಬೈಪಾಸ್ ದಾರಿಯನ್ನು ಮುಚ್ಚುವ ಇಂಜಿನ್‌ಗಳಲ್ಲಿ, ಅದನ್ನು ತೆಗೆದರೆ ಬಿಸಿನೀರು ರೇಡಿಯೇಟರಿಗೆ ಪೂರ್ತಿ ಹೋಗದೆ ಇಂಜಿನ್ನಿನೊಳಗೇ ಸುತ್ತುತ್ತದೆ.

ದುರಸ್ತಿಯಾದ ಲಾರಿಯನ್ನು ಭಾರ ಹೊರಿಸಿ ಓಡಿಸಿ, ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ರೇಡಿಯೇಟರಿನ ಮೇಲಿನ ಹೋಸನ್ನು ಕೈಯಲ್ಲಿ ಹಿಸುಕಿ ನೋಡಬೇಕು. ತಣ್ಣಗಿದ್ದಾಗಲೂ ಅದು ಒತ್ತಡದಿಂದ ಬಿಗಿದುಕೊಂಡಿದ್ದರೆ ಒಳಗೆ ಎಲ್ಲಿಂದಲೋ ಇನ್ನೂ ಗಾಳಿ ಅಥವಾ ಸುಟ್ಟ ಅನಿಲ ನೀರಿಗೆ ಸೇರುತ್ತಿದೆ, ಪರೀಕ್ಷೆಯನ್ನು ಕಂಪ್ರೆಸರಿನಿಂದ ಮತ್ತೆ ಆರಂಭಿಸಬೇಕು.

ನಮಸ್ಕಾರ.