ಮನೆ ನಡೆಸಿದವರು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ನಮ್ಮ ದೊಡ್ಡಪ್ಪನವರ ಬಗ್ಗೆ. ಅವರಿಗೆ ಯಾವ ಪ್ರಶಸ್ತಿಯೂ ಬಂದಿರಲಿಲ್ಲ. ಪೇಪರಿನಲ್ಲಿ ಹೆಸರು ಬಂದದ್ದೂ ಇಲ್ಲ. ತುಮಕೂರು ಜಿಲ್ಲೆಯ ತಿಪಟೂರು ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದರು. ಅಲ್ಲೇ ತೆಂಗಿನ ತೋಟ ಮಾಡಿದರು, ಮನೆ ನಡೆಸಿದರು. 2023ರಲ್ಲಿ ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ತೀರಿಕೊಂಡರು. ಆಗ ಅವರಿಗೆ 68 ವರ್ಷ. ಇಂಥ ಸಂಸಾರಸ್ಥರು ಪ್ರತಿ ಊರಲ್ಲೂ ಇದ್ದಾರೆ. ಅವರು ಇರುವಾಗ ಏನು ಮಾಡುತ್ತಿದ್ದಾರೆ ಅಂತ ಮನೆಯವರಿಗೇ ಪೂರ್ತಿ ಗೊತ್ತಿರುವುದಿಲ್ಲ. ಹೋದ ಮೇಲೆ ಒಂದೊಂದೇ ಗೊತ್ತಾಗುತ್ತಾ ಹೋಗುತ್ತದೆ. ನಮ್ಮ ಮನೆಯಲ್ಲೂ ಹಾಗೇ ಆಯಿತು.

ನಮ್ಮ ತಾತ ತೀರಿಕೊಂಡಾಗ ದೊಡ್ಡಪ್ಪ ಏಳನೇ ಕ್ಲಾಸು. ಕೆಳಗೆ ಒಬ್ಬ ತಮ್ಮ, ಮೂವರು ತಂಗಿಯರು. ಆ ತಮ್ಮನೇ ನಮ್ಮಪ್ಪ. ದೊಡ್ಡಪ್ಪ ಸ್ಕೂಲು ಬಿಟ್ಟು ನೇಗಿಲು ಹಿಡಿದರು. ತಮ್ಮನನ್ನು ಓದಿಸಿದರು. ತಂಗಿಯರನ್ನು ಒಬ್ಬೊಬ್ಬರಾಗಿ ಮದುವೆ ಮಾಡಿ ಕಳಿಸಿದರು. ಆಮೇಲೆ ತಮ್ಮದೇ ಸಂಸಾರ, ಎರಡು ಹೆಣ್ಣು, ಒಂದು ಗಂಡು. ಹೇಳುವುದಕ್ಕೆ ನಾಲ್ಕೇ ಮಾತು. ಆದರೆ ಇಷ್ಟನ್ನು ಮಾಡಿ ಮುಗಿಸುವಷ್ಟರಲ್ಲಿ ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು.

ತೆಂಗಿನ ಸೀಮೆಯಲ್ಲಿ ಸಂಸಾರ ಮಾಡುವುದು ಅಂದರೆ ಕಾಯುವುದು. ಸಸಿ ಇಟ್ಟರೆ ಹೊಂಬಾಳೆ ಬಿಡುವುದಕ್ಕೆ ಆರೇಳು ವರ್ಷ ಬೇಕು. ಕಾಯಿ ಬಿಟ್ಟ ತಕ್ಷಣ ದುಡ್ಡು ಬಂತು ಅಂತಲೂ ಅಲ್ಲ. ತಿಪಟೂರು ಕಡೆಯದ್ದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಕಿತ್ತು ಅಟ್ಟಕ್ಕೆ ಏರಿಸಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಇರಬೇಕು. ಒಳಗಿನ ನೀರು ಪೂರ್ತಿ ಇಂಗಬೇಕು. ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ದೊಡ್ಡಪ್ಪ ಏಣಿ ಹತ್ತಿ ಅಟ್ಟದಲ್ಲಿ ಕೂತು, ಒಂದೊಂದು ಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ನೀರಿನ ಸದ್ದು ಬಂದರೆ ಒಂದು ಕಡೆಗೆ. ಉಂಡೆ ಗೊಡಗೊಡ ಅಂದರೆ ಇನ್ನೊಂದು ಕಡೆಗೆ. ಏನೂ ಸದ್ದಿಲ್ಲದಿದ್ದರೆ ಮೂಗಿನ ಹತ್ತಿರ ಹಿಡಿದು ಮೂಸಿ ನೋಡುತ್ತಿದ್ದರು. ಕೆಟ್ಟ ಕಾಯಿ ಅವರ ಕೈಯಿಂದ ತಪ್ಪಿಸಿಕೊಂಡು ಚೀಲ ಸೇರಿದ್ದನ್ನು ನಾನು ನೋಡಿಲ್ಲ.

ಹಾಗಾದರೆ ಆ ಹನ್ನೊಂದು ತಿಂಗಳು ಮನೆ ನಡೆಯುವುದು ಹೇಗೆ? ಅದಕ್ಕೆ ಅವರದ್ದೊಂದು ಲೆಕ್ಕ ಇತ್ತು. ಡೇರಿಯ ಹಾಲಿನ ಬಟವಾಡೆ ಸಂತೆಗೆ. ಹೊಲದ ರಾಗಿ ಊಟಕ್ಕೆ. ಕೊಬ್ಬರಿ ದುಡ್ಡು ಮದುವೆ, ಬೋರ್‌ವೆಲ್ಲು, ಆಸ್ಪತ್ರೆಗೆ. ಒಂದರ ದುಡ್ಡನ್ನು ಇನ್ನೊಂದಕ್ಕೆ ಮುಟ್ಟುತ್ತಿರಲಿಲ್ಲ. 2000ದ ಆಸುಪಾಸಿನಲ್ಲಿ ನುಸಿ ಬಂದು ಕಾಯೆಲ್ಲ ಸೊಟ್ಟ ಸುರುಟಿಕೊಂಡಾಗಲೂ ಈ ಲೆಕ್ಕ ಕೆಡಲಿಲ್ಲ. ಆ ವರ್ಷಗಳಲ್ಲಿ ಹಬ್ಬಕ್ಕೆ ಮಕ್ಕಳಿಗೆ ಹೊಸ ಬಟ್ಟೆ ಬಂತು, ದೊಡ್ಡಪ್ಪನಿಗೆ ಬರಲಿಲ್ಲ. ಅದನ್ನು ನಾವು ಆಗ ಗಮನಿಸಲೇ ಇಲ್ಲ.

ಒಂದು ಲೆಕ್ಕ ಮಾತ್ರ ಅವರು ಬರೆದಿಡುತ್ತಿದ್ದರು, ಮುಯ್ಯಿ ಲೆಕ್ಕ. ನಡುಮನೆಯ ಗೂಡಿನಲ್ಲಿ ಒಂದು ರಟ್ಟಿನ ಪುಸ್ತಕ, ಅದಕ್ಕೆ ದಾರದಲ್ಲಿ ಕಟ್ಟಿದ ಮೋಟು ಪೆನ್ಸಿಲ್ಲು. ‘ಕೆಳಗಲ ಮನೆ ಮದುವೆ, 51 ರೂಪಾಯಿ, ರವಿಕೆ ಬಟ್ಟೆ ಒಂದು.’ ‘ಬೇಲಿ ಪಕ್ಕದವರ ಗೃಹಪ್ರವೇಶ, ಅಕ್ಕಿ ಐದು ಸೇರು.’ ನಮ್ಮ ಮನೆಗೆ ಯಾರು ಏನು ಮಾಡಿದರು, ನಾವು ಯಾರಿಗೆ ಏನು ಮಾಡಬೇಕು, ಎಲ್ಲ ಅದರಲ್ಲಿತ್ತು. ಪೇಟೆಯಲ್ಲಿ ಓದಿ ಬಂದ ನಮಗೆ ಅದು ಜಿಪುಣತನ ಅನ್ನಿಸುತ್ತಿತ್ತು. ಜಿಪುಣತನ ಅಲ್ಲ ಅದು. ಯಾರ ಋಣವನ್ನೂ ಇಟ್ಟುಕೊಳ್ಳಬಾರದು, ಯಾರ ಮನೆಯ ಶುಭಕಾರ್ಯವನ್ನೂ ಮರೆಯಬಾರದು ಅನ್ನುವ ಎಚ್ಚರ. ಆಳು ಸಿಗದ ಕಾಲದಲ್ಲಿ ಮುಯ್ಯಾಳು, ಅಂದರೆ ಕೂಲಿಗಲ್ಲದೆ ಕೆಲಸಕ್ಕೆ ಕೆಲಸ ಅಂತ ಬರುವವರು, ಬಂದು ರಾಗಿ ಕುಯ್ದು ಕೊಟ್ಟದ್ದು ಇದೇ ಲೆಕ್ಕದ ಮೇಲೆ. ಹಳ್ಳಿಯಲ್ಲಿ ಬ್ಯಾಂಕಿಗಿಂತ ಹೆಚ್ಚು ಮನೆಗಳನ್ನು ಉಳಿಸಿರುವುದು ಮುಯ್ಯಿ ಅಂತ ನಾನು ನಂಬಿದ್ದೇನೆ.

ಇನ್ನು ಅವರ ಸಾವಿನ ಮಾತು.

ನಮ್ಮ ಕಡೆ ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ಕರೆಂಟು. ಅದೂ ಪಾಳಿ ಮೇಲೆ. ರಾತ್ರಿ ಪಾಳಿ ಬಂದ ವಾರ ಎರಡು ಗಂಟೆಗೋ ಮೂರು ಗಂಟೆಗೋ ಎದ್ದು, ಬ್ಯಾಟರಿ ಹಿಡಿದು ತೋಟಕ್ಕೆ ಹೋಗಬೇಕು. ಗೇಟ್‌ವಾಲ್ವು ತಿರುಗಿಸಿ ನೀರು ಬದಲಾಯಿಸಬೇಕು. ಹಾವು ಚೇಳಿನ ಭಯ ಬೇರೆ. ಆಟೋ ಸ್ಟಾರ್ಟರು ಇದ್ದರೂ ವಾಲ್ವು ತಾನಾಗಿ ತಿರುಗುವುದಿಲ್ಲವಲ್ಲ. 68 ವರ್ಷದ ಮನುಷ್ಯ ಆ ಕೆಲಸಕ್ಕೆ ಹೋಗುತ್ತಿದ್ದರು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ನಾವೂ ಊರಲ್ಲಿರಲಿಲ್ಲ.

ಮೂರ್ನಾಲ್ಕು ದಿನದಿಂದ ಎದೆ ಹಿಡಿದ ಹಾಗೆ ಆಗುತ್ತಿತ್ತಂತೆ. ಎಡಗೈ ಜೋಮು ಬರುತ್ತಿತ್ತಂತೆ. ‘ಗ್ಯಾಸ್ಟ್ರಿಕ್ಕು ಕಣೇ’ ಅಂತ ದೊಡ್ಡಮ್ಮನಿಗೆ ಹೇಳಿ, ಸೋಡಾ ಕುಡಿದು ಮಲಗಿದ್ದರು. ಆ ರಾತ್ರಿ ತೋಟದಿಂದ ಬರುವಾಗ ಅಂಗಿ ಬೆವರಿನಲ್ಲಿ ನೆಂದುಹೋಗಿತ್ತು. ‘ಬೆಳಗಾಗಲಿ, ನೋಡೋಣ’ ಅಂದರು. ಬೆಳಗಾಗುವ ಹೊತ್ತಿಗೆ ಪಕ್ಕದ ಮನೆಯ ಹುಡುಗರು ಕಾರಿಗೆ ಹತ್ತಿಸಿಕೊಂಡು ಹೊರಟರು. ಆಸ್ಪತ್ರೆ ಮುಟ್ಟಲಿಲ್ಲ.

ಈ ಜಾಗದಲ್ಲಿ ಸ್ವಲ್ಪ ನಿಂತು ಒಂದು ಮಾತು ಹೇಳಲೇಬೇಕು. ಎದೆ ಹಿಡಿಯುವುದು, ಎಡಗೈಗೋ ದವಡೆಗೋ ನೋವು ಹರಿಯುವುದು, ತಣ್ಣನೆ ಬೆವರು, ಉಸಿರು ಕಟ್ಟಿದ ಹಾಗಾಗುವುದು, ಇದನ್ನೆಲ್ಲ ಗ್ಯಾಸ್ಟ್ರಿಕ್ಕು ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಇಸಿಜಿ ತೆಗೆಯುವುದಕ್ಕೆ ಐದು ಹತ್ತು ನಿಮಿಷ ಸಾಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಈಗ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ತೋರಿಸುತ್ತಾರೆ. ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಆದರೆ ಮೊದಲ ಕೆಲವು ಗಂಟೆಯೊಳಗೆ ಹೋಗಬೇಕು. ಹಸುವಿಗೆ ಹುಷಾರಿಲ್ಲ ಅಂದರೆ ದೊಡ್ಡಪ್ಪ ಮಧ್ಯರಾತ್ರಿ ಡಾಕ್ಟರನ್ನು ಎಬ್ಬಿಸಿ ಕರೆತಂದವರು. ತಮ್ಮ ಎದೆನೋವಿಗೆ ಮಾತ್ರ ಬೆಳಗಾಗಲಿ ಅಂದರು.

ತೋಟದಲ್ಲೇ, ತಾತನ ಪಕ್ಕದಲ್ಲೇ ಮಣ್ಣು ಮಾಡಿದೆವು. ಮೂರನೇ ದಿನ ಹಾಲುತುಪ್ಪ. ಹನ್ನೊಂದನೇ ದಿನ ತಿಥಿ. ಎಡೆಯಲ್ಲಿ ಅವರಿಗೆ ಇಷ್ಟವಾದ ಹುರುಳಿಕಾಳು ಬಸ್ಸಾರು, ಮುದ್ದೆ, ಒಬ್ಬಟ್ಟು, ಜೊತೆಗೆ ಒಂದು ಕಟ್ಟು ಬೀಡಿ. ಊಟಕ್ಕೆ ಮೊದಲು ಅವರ ಮಗ ಎದ್ದು ನಿಂತು ಕೈಮುಗಿದು ಕೇಳಿದ. ‘ನಮ್ಮಪ್ಪ ಯಾರಿಗಾದರೂ ಕೊಡೋದಿದ್ರೆ ಈಗಲೇ ಹೇಳಿ, ಸಂಕೋಚ ಬೇಡ.’ ಒಬ್ಬರು ಗೊಬ್ಬರದ ಬಾಕಿ ಹೇಳಿದರು. ಆಮೇಲೆ ಇಬ್ಬರು ಎದ್ದರು. ಅವರು ಕೇಳುವುದಕ್ಕೆ ಎದ್ದವರಲ್ಲ, ದೊಡ್ಡಪ್ಪನಿಂದ ಕೈಸಾಲ ತಗೊಂಡಿದ್ದವರು. ಒಬ್ಬರು ಮಗಳ ನರ್ಸಿಂಗ್ ಫೀಜಿಗೆ, ಇನ್ನೊಬ್ಬರು ಆಪರೇಷನ್ನಿಗೆ. ದೊಡ್ಡಮ್ಮನಿಗೂ ಈ ವಿಷಯ ಗೊತ್ತಿರಲಿಲ್ಲ.

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಿಜವಾದ ಕಷ್ಟ ಶುರುವಾಯಿತು. ಯಾವ ವಾಲ್ವು ಯಾವ ಸಾಲಿಗೆ ಅಂತ ಗೊತ್ತಿಲ್ಲ. ಬದುವಿನ ಕಲ್ಲು ಎಲ್ಲಿ ಹೂತುಹೋಗಿದೆ ಗೊತ್ತಿಲ್ಲ. ಹೊಲದ ಮೇಲಿನ ಸೊಸೈಟಿ ಸಾಲದ ಗಡುವು ಯಾವತ್ತು ಗೊತ್ತಿಲ್ಲ. ಎಲ್ಲಕ್ಕಿಂತ ದೊಡ್ಡದು ಪಹಣಿ, ಅಂದರೆ ಜಮೀನು ಯಾರ ಹೆಸರಲ್ಲಿದೆ ಅಂತ ಹೇಳುವ ಸರ್ಕಾರಿ ದಾಖಲೆ. ತೋಟದ ಪಹಣಿ ತೆಗೆಸಿ ನೋಡಿದರೆ ಅದರಲ್ಲಿ ಇನ್ನೂ ನಮ್ಮ ತಾತನ ಹೆಸರೇ ಇತ್ತು. ತಾತ ಹೋಗಿ ಐವತ್ತು ವರ್ಷ ದಾಟಿತ್ತು. ದೊಡ್ಡಪ್ಪನಿಗೂ ನಮ್ಮಪ್ಪನಿಗೂ ಬಾಯಿಮಾತಿನಲ್ಲಿ ಭಾಗ ಆಗಿತ್ತು, ಪಾಲುಪಾರಿಕತ್ತು ಬರೆಸಿರಲಿಲ್ಲ. ಅಣ್ಣತಮ್ಮ ಚೆನ್ನಾಗಿದ್ದರು, ಕಾಗದ ಯಾಕೆ ಬೇಕು ಅಂದುಕೊಂಡರು. 

ಅಟ್ಟದ ಮೇಲೆ ಅವರೇ ಏರಿಸಿದ್ದ ಕೊಬ್ಬರಿ ಹಾಗೇ ಇತ್ತು. ಹಿಂದೆ ಕ್ವಿಂಟಾಲಿಗೆ 17,000 ರೂಪಾಯಿ ಕಂಡಿದ್ದ ಕೊಬ್ಬರಿ ಆ ವರ್ಷ ಇಳಿದು ಇಳಿದು 8,000ದ ಆಸುಪಾಸಿಗೆ ಬಂದಿತ್ತು. ಬೆಂಬಲ ಬೆಲೆ 11,750 ಇತ್ತು. ಆದರೆ ಆ ಬೆಲೆಗೆ ಕೊಳ್ಳುವ ನಾಫೆಡ್ ಕೇಂದ್ರದಲ್ಲಿ ಕೊಡಬೇಕಾದರೆ ಆಧಾರ್, ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ, ಪಹಣಿ ಒಂದಕ್ಕೊಂದು ಹೊಂದಬೇಕು. ತೋಟ ತಾತನ ಹೆಸರಲ್ಲಿ, ಹೊಲ ದೊಡ್ಡಪ್ಪನ ಹೆಸರಲ್ಲಿ, ಇಬ್ಬರೂ ಇಲ್ಲ. ಸಾಲದ ಗಡುವು ಬಂದಿತ್ತು. ಮಾರ್ಕೆಟ್ಟಿನಲ್ಲಿ ಸಿಕ್ಕ ರೇಟಿಗೆ ಮಾರಿದೆವು. ಒಂದು ವರ್ಷ ಅಟ್ಟದಲ್ಲಿ ಕೂತು ಒಂದೊಂದೇ ಕಾಯಿ ಅಲ್ಲಾಡಿಸಿ ನೋಡಿದವರ ಶ್ರಮ ಅದು. ಕ್ವಿಂಟಾಲಿಗೆ ಮೂರು ಸಾವಿರದ ಮೇಲೆ ಕಳೆದುಕೊಂಡದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇದು ನಮ್ಮೊಬ್ಬರ ಮನೆ ಕಥೆಯಲ್ಲ. ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿ ತೀರಿಹೋದವರ ಹೆಸರಿನಲ್ಲೇ ಇವೆ. ಅದಕ್ಕೇ 2025ರಲ್ಲಿ ಕಂದಾಯ ಇಲಾಖೆ ಅವನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಇ-ಪೌತಿ ಆಂದೋಲನ ಶುರುಮಾಡಿತು. ನಿಮ್ಮ ಮನೆಯಲ್ಲೂ ಹೀಗಿದ್ದರೆ ದಯವಿಟ್ಟು ತಡಮಾಡಬೇಡಿ. ಸಾವಾದ 21 ದಿನದೊಳಗೆ ನೋಂದಣಿ ಮಾಡಿಸಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ತರಬೇಕಾಗುತ್ತದೆ. ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ ಅರ್ಜಿ ಕೊಡಿ. ವಾರಸುದಾರರು ಮೂರು ತಿಂಗಳೊಳಗೆ ತಿಳಿಸಬೇಕು ಅಂತ ಭೂಕಂದಾಯ ಕಾಯಿದೆಯಲ್ಲೇ ಇದೆ.

ವಂಶವೃಕ್ಷ ಬರೆಸುವಾಗ ಇನ್ನೊಂದು ವಿಷಯ ಬಂತು. ಮೂವರು ಅತ್ತೆಯರು. ಊರಿನ ಹಿರಿಯರು, ‘ಹೆಣ್ಣುಮಕ್ಕಳ ಹತ್ತಿರ ಒಂದು ಸಹಿ ಹಾಕಿಸಿಕೊಂಡು ಬಿಡಿ, ಮುಗೀತು’ ಅಂದರು. ಎಲ್ಲ ಕಡೆ ಹೀಗೇ ನಡೆಯುತ್ತದೆ ಅಲ್ವಾ? ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ 2005ರಲ್ಲೇ ಕಾನೂನಾಗಿದೆ. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಹಕ್ಕು ಹೋಗುವುದಿಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೊಡ್ಡಮ್ಮ ಮೂವರನ್ನೂ ಕರೆಸಿ ನಡುಮನೆಯಲ್ಲಿ ಕೂರಿಸಿ, ‘ನಿಮಗೇನು ಬೇಕು ಹೇಳ್ರಮ್ಮ’ ಅಂತ ನೇರವಾಗಿ ಕೇಳಿದರು. ಇಬ್ಬರು, ‘ವರ್ಷಾವರ್ಷ ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತಪ್ಪಿಸಿಲ್ಲ, ಅದು ನಡೆದರೆ ಸಾಕು’ ಅಂದರು. ಚಿಕ್ಕತ್ತೆಗೆ ಗಂಡ ಇಲ್ಲ, ಸ್ವಂತ ಮನೆ ಇಲ್ಲ. ಅವರು ಪಾಲು ಕೇಳಿದರು. ನಮ್ಮ ಕಡೆಯ ಕೆಲವರಿಗೆ ಮುಖ ಚಿಕ್ಕದಾಯಿತು. ಕೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಕೆರೆ ಕಡೆಯ ಮೂಲೆಯಲ್ಲಿ ಅವರಿಗೆ ಜಾಗ ಅಳೆಸಿಕೊಟ್ಟೆವು. ದೊಡ್ಡಪ್ಪ ಇದ್ದಿದ್ದರೂ ಹಾಗೇ ಮಾಡುತ್ತಿದ್ದರು ಅಂತ ಗಟ್ಟಿಯಾಗಿ ಹೇಳಬಲ್ಲೆ. ಚಿಕ್ಕತ್ತೆಯ ಗಂಡ ಹೋದ ವರ್ಷದಿಂದ ಆ ಮನೆಗೆ ರಾಗಿ ಚೀಲ ಹೋಗುತ್ತಿದ್ದದ್ದು ಮುಯ್ಯಿ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. ತಂಗಿಗೆ ಕೊಟ್ಟದ್ದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪಹಣಿಯಲ್ಲಿ ಹೆಸರು ಬದಲಾಗುವುದಕ್ಕೆ ತುಂಬಾ ಓಡಾಡಬೇಕಾಯಿತು. ಕೊನೆಗೂ ಆಯಿತು. ತೋಟದಲ್ಲಿ ದೊಡ್ಡಪ್ಪನ ಭಾಗ, ಹೊಲ, ಎರಡೂ ಈಗ ದೊಡ್ಡಮ್ಮ ಮತ್ತು ಮಕ್ಕಳ ಹೆಸರಿಗೆ ಜಂಟಿ. 2025ರಲ್ಲಿ ಕೊಬ್ಬರಿ ಕ್ವಿಂಟಾಲಿಗೆ 25,000 ದಾಟಿತು. ದೊಡ್ಡಪ್ಪ ಅಂಥ ರೇಟನ್ನು ಒಂದು ದಿನವೂ ಕಾಣಲಿಲ್ಲ. ದೊಡ್ಡಮ್ಮ ಆ ವರ್ಷದ ಕೊಬ್ಬರಿಯನ್ನು ತಾವೇ ಮುಂದೆ ನಿಂತು ಮಾರಿದರು. ಮೊದಲು ಸೊಸೈಟಿ ಸಾಲ ತೀರಿಸಿದರು. ಅತ್ತೆಯರಿಗೆ ಬಾಗಿನ ಕಳಿಸಿದರು. ಒಣಗಿಹೋದ ಮರಗಳ ಜಾಗಕ್ಕೆ ಸಸಿ ಹಾಕಿಸಿದರು. ಈಗ ರಜೆಗೆ ಬಂದ ಮೊಮ್ಮಗಳನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಯಾವ ವಾಲ್ವು ಯಾವ ಸಾಲಿಗೆ, ಬದುವಿನ ಕಲ್ಲು ಎಲ್ಲಿದೆ, ಯಾವ ಬೋರಿನಲ್ಲಿ ಎಷ್ಟು ಪೈಪು ಇಳಿದಿದೆ ಅಂತ ಕೇಳಿ ತಿಳಿದದ್ದನ್ನೆಲ್ಲ ಹೇಳಿ ಬರೆಸುತ್ತಿದ್ದಾರೆ. ಅರ್ಧ ಆಗಿದೆ. ಉಳಿದದ್ದು ದಸರಾ ರಜೆಗೆ.

ನಮಸ್ಕಾರ.