ಸೀಲ್ ಹಾಕಿಸೋಕೆ ಮುಂಚೆ ಬ್ರೀದರ್ ನೋಡಿ ಮಾರಾಯ್ರೆ

ಈ ಎರಡು ಪೇಪರ್ ನೋಡಿ. ಎರಡೂ ಹೋದ ಮಳೆಗಾಲದಲ್ಲಿ, ಎಣ್ಣೆ ಸೋರುತ್ತಾ ಅಂತ ನೋಡೋಕೆ ರಾತ್ರಿ ಗಾಡಿ ಕೆಳಗೆ ಹಾಸಿದ್ದು. ಒಂದು, ಚಿಕ್ಕಮಗಳೂರು ಪೇಟೆ ಒಳಗೇ ಸುತ್ತಾಡಿ ಬಂದ ದಿನದ್ದು. ಹೆಚ್ಚುಕಮ್ಮಿ ಸ್ವಚ್ಛವಾಗಿದೆ. ಇನ್ನೊಂದು, ಚಾರ್ಮಾಡಿ ಘಾಟ್ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮನೆಗೆ ಬಂದ ಭಾನುವಾರದ್ದು. ಹಿಂದುಗಡೆ ಅಂಗೈಯಗಲ ಎಣ್ಣೆ ಕಲೆ. ಮೂಸಿದ್ರೆ ಇವತ್ತಿಗೂ ಗಂಧಕದ ವಾಸನೆ, ಅಂದ್ರೆ ಗೇರ್ ಆಯಿಲ್. ಇಂಜಿನ್ ಆಯಿಲ್ ಆಗಿದ್ರೆ ಈ ನಾತ ಇರಲ್ಲ.

ಗಾಡಿ ಹಿಂದುಸ್ತಾನ್ ಮೋಟರ್ಸ್‌ನವರ ಹಳೇ ಕಾರು, ಕಾಂಟೆಸ್ಸಾ ಕ್ಲಾಸಿಕ್. ಇಸುಜು 1.8 ಇಂಜಿನ್ನು, ಐದು ಗೇರು, ಹಿಂದಿನ ಚಕ್ರಕ್ಕೆ ಪವರ್. ಇದನ್ನ ಸ್ಪೋರ್ಟ್ಸ್ ಕಾರ್ ಅಂದ್ರೆ ನಗೋರು ನಗಲಿ. ಮುಳ್ಳಯ್ಯನಗಿರಿ ದಾರೀಲಿ ಕೈಮರದಿಂದ ಮೇಲೆ, ಒದ್ದೆ ತಿರುವಲ್ಲಿ, ಸೆಕೆಂಡ್ ಗೇರಲ್ಲಿ ಹಿಂಬದಿ ಒಂದ್ಸಲ ಜಾರಲಿ, ಆಮೇಲೆ ಮಾತಾಡೋಣ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರ್ತೀನಿ. ಪಿನಿಯನ್ ಸೀಲು, ಅಂದ್ರೆ ಗೇರ್‌ಬಾಕ್ಸಿಂದ ಹಿಂದಕ್ಕೆ ಬರೋ ಪ್ರೊಪೆಲ್ಲರ್ ಶಾಫ್ಟು, ಹಿಂದಿನ ಚಕ್ರಗಳಿಗೆ ಪವರ್ ಹಂಚೋ ಗೇರ್ ಗುಂಡು ಡಿಫರೆನ್ಷಿಯಲ್‌ಗೆ ಸೇರೋ ಜಾಗದಲ್ಲಿ ಎಣ್ಣೆ ತಡೆಯೋ ರಬ್ಬರ್ ಬಳೆ, ಒಂದೇ ವರ್ಷದಲ್ಲಿ ಎರಡು ಸಲ ಹಾಕಿಸಿದ್ದೆ. ಎರಡು ಸಲಾನೂ ಮತ್ತೆ ಸೋರ್ತು. ಮೂರನೇ ಸಲ ಹೋದಾಗ ಗ್ಯಾರೇಜಿನವರು ಹೇಳಿದ್ದು: "ಹಳೇ ಗಾಡಿ ಅಂದ್ಮೇಲೆ ಸೋರುತ್ತೆ ಸಾರ್. 90 ನಂಬರ್ ಗೇರ್ ಆಯಿಲ್ ಒಂದು ಡಬ್ಬ ಡಿಕ್ಕೀಲಿ ಇಟ್ಕೊಳ್ಳಿ." ಈ ಮಾತಿಗೆ ನನ್ನ ತಕರಾರಿದೆ. ಸೀಲು ತಾನಾಗೇ ಸೋರಲ್ಲ, ಸೋರೋದಕ್ಕೆ ಏನೋ ಒಂದು ಕಾರಣ ಇರುತ್ತೆ. ಅದನ್ನ ಹುಡುಕದೆ ಸೀಲ್ ಬದಲಾಯಿಸೋದು, ಹೆಂಚು ಒಡೆದಿದ್ರೂ ದಿನಾ ನೆಲ ಒರೆಸ್ತಾ ಕೂತ ಹಾಗೆ.

ಪೇಟೇಲಿ ಸೋರಲ್ಲ, ಘಾಟ್ ಹತ್ತಿದ್ರೆ ಸೋರುತ್ತೆ. ಯಾಕೆ? ಒಂದು ಗೋಣಿಚೀಲ ಹಾಸ್ಕೊಂಡು ನಾನೇ ಕೆಳಗೆ ನುಗ್ಗಿದೆ. ಡಿಫರೆನ್ಷಿಯಲ್ ಕೂತಿರೋ ಕಬ್ಬಿಣದ ಗೂಡು, ಆಕ್ಸಲ್ ಹೌಸಿಂಗ್ ಮೇಲೆ ಎಸ್ಟೇಟ್ ರೋಡಿನ ಕೆಂಪು ಮಣ್ಣು ಇಟ್ಟಿಗೆ ಥರ ಗಟ್ಟಿ ಕೂತಿತ್ತು. ಸ್ಕ್ರೂಡ್ರೈವರಲ್ಲಿ ಕೆದಕಿದ್ರೆ ಒಳಗೆ ಪುಟ್ಟದೊಂದು ಟೋಪಿ. ಅದೇ ಬ್ರೀದರ್. ಘಾಟ್ ಹತ್ತಿದಾಗ ಡಿಫರೆನ್ಷಿಯಲ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತೆ. ಆ ಗಾಳಿ ಹೊರಗೆ ಹೋಗಬೇಕಾದ ದಾರಿ ಇದು. ದಾರಿ ಮುಚ್ಚಿದ್ರೆ ಒತ್ತಡ ಸೀಲಿನ ತುಟಿ, ಅಂದ್ರೆ ಶಾಫ್ಟಿಗೆ ಒತ್ತಿ ಕೂರೋ ರಬ್ಬರ್ ಅಂಚಿನ ಮೇಲೆ ಬೀಳುತ್ತೆ, ಅಲ್ಲಿಂದ ಎಣ್ಣೆ ತಳ್ಕೊಂಡು ಹೊರಗೆ ಬರುತ್ತೆ. ಬಿಸಿ ಗಾಡಿ ಹಳ್ಳಕ್ಕೆ ಇಳಿದ್ರೆ ಇದರ ಉಲ್ಟಾ. ತಣ್ಣಗಾಗ್ತಾ ನೀರು ಒಳಗೆ ಎಳ್ಕೊಳ್ಳುತ್ತೆ, ಎಣ್ಣೆ ಹಾಲು ಜಾಸ್ತಿಯಾದ ಕಾಫಿ ಬಣ್ಣಕ್ಕೆ ತಿರುಗುತ್ತೆ. ನನ್ನದು ಪುಣ್ಯಕ್ಕೆ ಆ ಬಣ್ಣಕ್ಕೆ ಬಂದಿರಲಿಲ್ಲ.

ಆದರೂ ಸೀಲು ಹೋಗಿತ್ತು, ಬದಲಾಯಿಸಲೇಬೇಕಿತ್ತು. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ. ಮೊದಲು ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಆಗೋ ತಟ್ಟೆ, ಅಂದ್ರೆ ಫ್ಲೇಂಜ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಬೇಕು. ಆಟ ಇದ್ರೆ ಬೇರಿಂಗ್ ಹೋಗಿದೆ, ಹೊಸ ಸೀಲೂ ಉಳಿಯಲ್ಲ. ಆಟ ಇಲ್ಲ ಅಂದ್ರೆ ಮಧ್ಯದ ದೊಡ್ಡ ನಟ್ಟಿಗೆ ಬನ್ನಿ. ಎಷ್ಟೋ ಡಿಫರೆನ್ಷಿಯಲ್‌ಗಳಲ್ಲಿ ಆ ನಟ್ಟಿನ ಹಿಂದೆ ಕ್ರಷ್ ಸ್ಲೀವ್ ಅಂತ ಒಂದು ಕೊಳವೆ ಇರುತ್ತೆ. ನಟ್ಟು ಬಿಗಿ ಮಾಡ್ತಾ ಹೋದ ಹಾಗೆ ಅದು ಅಮುಕ್ಕೊಳ್ಳುತ್ತೆ, ಬೇರಿಂಗ್ ಎಷ್ಟು ಬಿಗಿ ಇರಬೇಕು ಅಂತ ನಿರ್ಧಾರ ಆಗೋದು ಅಲ್ಲಿ. ಒಮ್ಮೆ ಜಾಸ್ತಿ ಅಮುಕಿದ್ರೆ ವಾಪಸ್ ಬರಲ್ಲ. ಅದಕ್ಕೇ ಬಿಚ್ಚೋಕೆ ಮುಂಚೆ ನಟ್ಟು, ಶಾಫ್ಟು, ಫ್ಲೇಂಜು ಮೂರರ ಮೇಲೂ ಒಂದೇ ಗೆರೆ ಕೊರೀರಿ. ನಟ್ಟಿನ ಹೊರಗೆ ಶಾಫ್ಟಿನ ಎಷ್ಟು ಥ್ರೆಡ್ ಕಾಣುತ್ತೆ ಅಂತ ಎಣಿಸಿ ಬರೆದಿಡಿ. ತಿರುಗಿ ಹಾಕುವಾಗ ಅದೇ ಗೆರೆಗೆ ತನ್ನಿ, ಕೂದಲೆಳೆಯಷ್ಟು ಮುಂದಕ್ಕೆ, ಸಾಕು. ಪಾನಾಕ್ಕೆ ಉದ್ದ ಪೈಪ್ ಸಿಗಿಸಿ ಇಬ್ಬರು ನೇತಾಡಿ ಬಿಗಿ ಮಾಡೋದನ್ನ ಕಣ್ಣಾರೆ ಕಂಡಿದೀನಿ. ಆಮೇಲೆ ಸ್ವಲ್ಪ ದಿನಕ್ಕೆ ಹಿಂದಿನ ಸೀಟಲ್ಲಿ ಕೂತೋರಿಗೆ ಗುಂಯ್ ಅಂತ ಸದ್ದು ಶುರು. ಇನ್ನೂರು ರೂಪಾಯಿಯೂ ಬಾಳದ ಸೀಲಿಗೋಸ್ಕರ ಡಿಫರೆನ್ಷಿಯಲ್ ಒಳಗಿನ ಮುಖ್ಯ ಗೇರ್ ಜೋಡಿ, ಕ್ರೌನ್ ಪಿನಿಯನ್ನೇ ಹೋಯ್ತು.

ಫ್ಲೇಂಜ್ ಕೈಗೆ ಬಂದಾಗ ಸೀಲ್ ಕೂರೋ ಜಾಗದ ಮೇಲೆ ಉಗುರು ಆಡಿಸಿ. ನನ್ನದರಲ್ಲಿ ಉಗುರು ಸಿಕ್ಕಿಕೊಳ್ತು. ವರ್ಷಾನುಗಟ್ಟಲೆ ರಬ್ಬರ್ ಉಜ್ಜಿ ಉಜ್ಜಿ, ಧೂಳು ಸೇರಿ, ಕಬ್ಬಿಣದಲ್ಲೇ ಗೆರೆ ಬಿದ್ದಿತ್ತು. ಎರಡು ಸಲ ಸೀಲ್ ಹಾಕಿದೋರು ಯಾರೂ ಅಲ್ಲಿ ಉಗುರು ಆಡಿಸಿರಲಿಲ್ಲ! ತೆಳು ಸ್ಟೀಲ್ ಸ್ಲೀವ್ ಸಿಕ್ಕಿದ್ರೆ ಅದನ್ನ ಕೂರಿಸಬಹುದು. ನಾನು ಸೀಲನ್ನ ಒಂದೂವರೆ ಮಿಲಿಮೀಟರ್ ಹೊರಗೇ ನಿಲ್ಲಿಸಿದೆ, ತುಟಿ ಹೊಸ ಜಾಗಕ್ಕೆ ಬರೋ ಹಾಗೆ.

ಪಾರ್ಟ್ ಸಿಗಲ್ಲ ಅಂತೀರಾ? ಕಾಂಟೆಸ್ಸಾ ತಯಾರಿಕೆ ನಿಂತಿದ್ದು 2002ರಲ್ಲಿ, ನಿಜ. ಆದರೆ ಸೀಲಿಗೆ ಗಾಡಿ ಹೆಸರು ಬೇಡ. ಹಳೇ ಸೀಲಿನ ಮೈ ಮೇಲೇ ಸಾಮಾನ್ಯವಾಗಿ ಒಳ ಅಳತೆ, ಹೊರ ಅಳತೆ, ದಪ್ಪ ಬರೆದಿರುತ್ತೆ, ಮಿಲಿಮೀಟರಲ್ಲಿ. ಒರೆಸಿ ಜೇಬಿಗೆ ಹಾಕ್ಕೊಂಡು ಹಾಸನಕ್ಕೆ ಹೋದೆ. ಬಿ.ಎಂ. ರೋಡಿನ ಬೇರಿಂಗ್ ಅಂಗಡಿಯವರು ಕನ್ನಡಕ ಮೇಲೆತ್ತಿ ನಂಬರ್ ಓದಿದ್ರು, ಒಳಗೆ ಹೋದ್ರು, ತಂದಿಟ್ರು. ಯಾವ ಗಾಡಿಗೆ ಅಂತಾನೂ ಕೇಳಲಿಲ್ಲ. ಹಾಕುವಾಗ ತುಟಿಗೆ ಗ್ರೀಸ್ ಸವರಿ, ಹಿಂದಿನ ಸಣ್ಣ ಸುರುಳಿ ಸ್ಪ್ರಿಂಗ್ ಜಾರದ ಹಾಗೆ ನೇರವಾಗಿ ಬಡೀರಿ. ಹಾಂ, ಆಯಿಲ್ ಇಳಿಸೋಕೆ ಮುಂಚೆ ತುಂಬೋ ಪ್ಲಗ್ ಬಿಚ್ಚುತ್ತಾ ಅಂತ ನೋಡ್ಕೊಳ್ಳಿ. ಖಾಲಿ ಮಾಡಿದ ಮೇಲೆ ಅದು ಜಾಮ್ ಅಂತ ಗೊತ್ತಾದ್ರೆ ಗಾಡಿ ಅಲ್ಲೇ!

ಎಲ್ಲ ಸೋರಿಕೆಗೂ ಹೀಗೆ ಹಾರಾಡಬೇಕಾ? ಬೇಡ. ಹಿಂದಿನ ಚಕ್ರದ ಒಳಗಡೆ ಗೇರ್ ಆಯಿಲ್ ಕಂಡ್ರೆ ಮಾತ್ರ ಆವತ್ತೇ ಗಾಡಿ ನಿಲ್ಲಿಸಿ. ಆಕ್ಸಲ್ ಸೀಲ್ ಹೋಗಿ ಎಣ್ಣೆ ಡ್ರಮ್ ಒಳಗೆ ಇಳೀತಿದೆ, ಬ್ರೇಕ್ ಶೂ ನೆನೆದಿದೆ ಅಂತ ಲೆಕ್ಕ. ಆ ಬ್ರೇಕ್ ನಂಬ್ಕೊಂಡು ಚಾರ್ಮಾಡಿ ಇಳೀಬೇಡಿ. ಗೇರ್‌ಬಾಕ್ಸಿನ ಹಿಂತುದಿಯಲ್ಲಿ ನನ್ನದು ಈಗಲೂ ಸ್ವಲ್ಪ ಎಣ್ಣೆ ಬೆವರುತ್ತೆ. ತೊಟ್ಟು ಬಿದ್ದಿಲ್ಲ. ತಿಂಗಳಿಗೊಮ್ಮೆ ಬಟ್ಟೇಲಿ ಒರೆಸಿ ಬಿಟ್ಟಿದೀನಿ.