ವೈರಸ್ ಹೋದ ಮೇಲೆ ಯಕೃತ್ತಿನ ಕಾಳಜಿ

ಮಂಗಳೂರು ಆಕಾಶವಾಣಿಯ ಕೇಳುಗರಿಗೆ, ವಿಶೇಷವಾಗಿ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಕೇಳುತ್ತಿರುವವರಿಗೆ ನಮಸ್ಕಾರ.

ಹೆಪಟೈಟಿಸ್ ಸಿ ಎಂಬ ಸೋಂಕಿಗೆ ಔಷಧಿ ಸೇವಿಸಿ ಗುಣಮುಖರಾದವರು ಮುಂದೆ ತಮ್ಮ ಯಕೃತ್ತನ್ನು, ಅಂದರೆ ನಾವು ದಿನಬಳಕೆಯಲ್ಲಿ ಲಿವರ್ ಎನ್ನುವ ಅಂಗವನ್ನು, ಹೇಗೆ ನೋಡಿಕೊಳ್ಳಬೇಕು ಎಂಬುದು ಇಂದಿನ ವಿಷಯ. ರೋಗ ಬಾರದಂತೆ ಎಚ್ಚರ ವಹಿಸುವ ಬಗ್ಗೆ ಬೇಕಾದಷ್ಟು ಭಾಷಣಗಳು ಆಗಿವೆ. ವಾಸಿಯಾದವರೊಡನೆ ಮಾತಾಡುವವರು ಮಾತ್ರ ಕಡಿಮೆ. ನಾನು ಹೇಳಬೇಕಾಗಿರುವ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ನಡುವೆ ಕರೆಂಟು ಹೋದರೂ ನಷ್ಟವಾಗದಿರಲಿ. ಔಷಧಿ ಆರಂಭಿಸುವ ಮೊದಲೇ ನಿಮ್ಮ ಯಕೃತ್ತು ಸಿರೋಸಿಸ್ ಹಂತವನ್ನು, ಅಂದರೆ ಗಾಯದ ಕಲೆಗಳಿಂದ ಗಟ್ಟಿಯಾದ ಹಂತವನ್ನು, ತಲುಪಿತ್ತಾದರೆ, ವೈರಸ್ ಸಂಪೂರ್ಣವಾಗಿ ಹೋದ ಮೇಲೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಬೇಕು. ಒಂದು ವರ್ಷ, ಎರಡು ವರ್ಷ ಅಲ್ಲ, ಜೀವನಪೂರ್ತಿ ಮಾಡಿಸಬೇಕು.

ಈ ವೈರಸ್ ರಕ್ತದಿಂದ ರಕ್ತಕ್ಕೆ ಹರಡುತ್ತದೆ. ಅದನ್ನು ವಿಜ್ಞಾನಿಗಳು ಗುರುತಿಸಿದ್ದು 1989ರಲ್ಲಿ. ಆ ಕೆಲಸಕ್ಕೆ ಸಂಬಂಧಿಸಿ ಹಾರ್ವೆ ಆಲ್ಟರ್, ಮೈಕಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ 2020ರ ನೊಬೆಲ್ ಪ್ರಶಸ್ತಿ ದೊರೆಯಿತು. ಮೊದಲೆಲ್ಲ ಆರು ತಿಂಗಳಿಂದ ಒಂದು ವರ್ಷದವರೆಗೆ ಇಂಟರ್‌ಫೆರಾನ್ ಚುಚ್ಚುಮದ್ದು ಪಡೆದು, ಜ್ವರ, ಮೈಕೈ ನೋವು, ಮಂಕುತನಗಳನ್ನೆಲ್ಲ ಅನುಭವಿಸಿಯೂ ಸುಮಾರು ಅರ್ಧದಷ್ಟು ರೋಗಿಗಳು ಮಾತ್ರ ಗುಣವಾಗುತ್ತಿದ್ದರು. ಈಗ ಸೊಫೊಸ್ಬುವಿರ್ ಜೊತೆ ಡಕ್ಲಾಟಸ್ವಿರ್ ಅಥವಾ ವೆಲ್ಪಟಸ್ವಿರ್ ಗುಳಿಗೆಯನ್ನು ಸಾಮಾನ್ಯವಾಗಿ 12 ವಾರ ಸೇವಿಸಿದರೆ ನೂರರಲ್ಲಿ 95ಕ್ಕಿಂತ ಹೆಚ್ಚು ಮಂದಿಯಲ್ಲಿ ವೈರಸ್ ಇಲ್ಲವಾಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಈ ಗುಳಿಗೆಗಳು ಉಚಿತ. ಗುಳಿಗೆ ಮುಗಿದು 12 ವಾರಗಳ ಬಳಿಕ ರಕ್ತದಲ್ಲಿ ವೈರಸ್‌ನ ಆರ್‌ಎನ್‌ಎ, ಅಂದರೆ ಅದರ ತಳಿವಸ್ತು, ಕಾಣದಿದ್ದರೆ ಆ ಸೋಂಕು ಗುಣವಾಯಿತೆಂದೇ ಅರ್ಥ. ಅದು ಒಳಗೆ ಎಲ್ಲೋ ಅಡಗಿ ಕುಳಿತಿದೆ ಎಂದು ಹೆದರಬೇಕಾಗಿಲ್ಲ.

ಹಾಗಾದರೆ ಸ್ಕ್ಯಾನ್ ಏಕೆ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಪಯಸ್ವಿನಿಯ ದಡದ ಅಡಿಕೆ ತೋಟಕ್ಕೆ ನೆರೆ ನುಗ್ಗಿದರೆ, ಮಳೆ ನಿಂತ ಕೂಡಲೇ ನೀರೇನೋ ಇಳಿದು ಹೋಗುತ್ತದೆ, ಆದರೆ ಅದು ತಂದು ಹಾಕಿದ ಹೂಳು ಬುಡದಲ್ಲಿಯೇ ಉಳಿಯುತ್ತದೆ. ಯಕೃತ್ತಿನಲ್ಲಿ ಉರಿಯೂತ ಆ ನೀರು, ಗಾಯದ ಕಲೆ ಆ ಹೂಳು. ವೈರಸ್ ಇಪ್ಪತ್ತು ಮೂವತ್ತು ವರ್ಷ ಯಕೃತ್ತಿನ ಜೀವಕೋಶಗಳನ್ನು ಕಾಡುತ್ತಿರುವಾಗ, ಅಲ್ಲಿಯೇ ಇರುವ ಒಂದು ಬಗೆಯ ಕೋಶಗಳು ಕೆರಳಿ ಕೊಲಾಜನ್ ಎಂಬ ನಾರಿನಂಥ ವಸ್ತುವನ್ನು ಸುರಿಯುತ್ತಾ ಹೋಗುತ್ತವೆ, ಅದೇ ಕಲೆ. ಕಲೆ ಹೆಚ್ಚಿ ಹೆಚ್ಚಿ ಯಕೃತ್ತಿನ ರಚನೆಯೇ ಬದಲಾಗಿ, ಅದು ಗಂಟುಗಂಟಾಗಿ ಗಟ್ಟಿಯಾದರೆ ಆ ಸ್ಥಿತಿಗೆ ಸಿರೋಸಿಸ್ ಎನ್ನುತ್ತೇವೆ. ವೈರಸ್ ಹೋದ ಮೇಲೆ ಉರಿಯೂತ ಕೆಲವೇ ವಾರಗಳಲ್ಲಿ ತಗ್ಗುತ್ತದೆ. ಎಸ್‌ಜಿಪಿಟಿ ಎಂಬ ರಕ್ತಪರೀಕ್ಷೆಯ ಅಂಕಿ ಬೇಗನೆ ಸರಿಹೋಗುವುದು ಇದೇ ಕಾರಣಕ್ಕೆ. ಕೆರಳಿದ ಕೋಶಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಶಾಂತವಾಗುತ್ತವೆ, ಮತ್ತು ಕೊಲಾಜನನ್ನು ಕರಗಿಸುವ ಕಿಣ್ವಗಳ ಕೈ ಮೇಲಾಗುತ್ತದೆ. ಆದರೆ ಈ ಕೆಲಸ ವರ್ಷಗಳ ಕಾಲ ನಡೆಯುವಂಥದ್ದು. ಇಟಲಿಯ ವೈದ್ಯರು ಹಳೆಯ ಇಂಟರ್‌ಫೆರಾನ್ ಕಾಲದಲ್ಲಿ ಗುಣವಾದ ಸಿರೋಸಿಸ್ ರೋಗಿಗಳ ಯಕೃತ್ತಿನ ತುಣುಕನ್ನು ಐದಾರು ವರ್ಷಗಳ ನಂತರ ಸೂಕ್ಷ್ಮದರ್ಶಕದಲ್ಲಿ ನೋಡಿ 2012ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸಿರೋಸಿಸ್ ಹಿಂದಕ್ಕೆ ಸರಿದಿತ್ತು. ನಾವು ಓದುವ ಕಾಲದಲ್ಲಿ ಸಿರೋಸಿಸ್ ಎಂದರೆ ಮರಳಿ ಬಾರದ ದಾರಿ ಎಂದೇ ಕಲಿಸುತ್ತಿದ್ದರು. ಇದನ್ನು ಓದಿದಾಗ ನನಗಾದ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ.

ಆದರೆ ಹಿಂದಕ್ಕೆ ಸರಿದದ್ದು ಬೇರೆ, ಅಳಿಸಿಹೋದದ್ದು ಬೇರೆ. ಸಿರೋಸಿಸ್ ಆಗಿದ್ದ ಯಕೃತ್ತಿನಲ್ಲಿ ಕ್ಯಾನ್ಸರ್ ಗಡ್ಡೆ ಮೂಡುವ ಸಾಧ್ಯತೆ ವೈರಸ್ ಹೋದ ಮೇಲೆ ಬಹಳವಾಗಿ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ವರ್ಷಕ್ಕೆ ನೂರು ಮಂದಿಯಲ್ಲಿ ಒಬ್ಬರಿಗೋ ಇಬ್ಬರಿಗೋ ಅದು ಬರಬಹುದು. ಚಿಕ್ಕದಾಗಿರುವಾಗ ಅದು ನೋಯುವುದಿಲ್ಲ, ಹಸಿವನ್ನು ಕೆಡಿಸುವುದಿಲ್ಲ, ಕಾಮಾಲೆಯನ್ನೂ ತೋರಿಸುವುದಿಲ್ಲ. ಅದನ್ನು ಕಾಣುವ ದಾರಿ ಆರು ತಿಂಗಳಿಗೊಮ್ಮೆ ಮಾಡುವ ಸ್ಕ್ಯಾನ್ ಒಂದೇ.

ನನ್ನಲ್ಲಿಗೆ ಬರುವ ಒಬ್ಬ ಹಿರಿಯರ ಕಥೆಯನ್ನು, ಗುರುತು ಸಿಗದಷ್ಟು ಬದಲಿಸಿ, ಹೇಳುತ್ತೇನೆ. ಅವರು ಬದಿಯಡ್ಕದಿಂದ ಒಳಗಿನ ಒಂದು ಊರಿನ ಅಡಿಕೆ ಕೃಷಿಕರು, ಜನ್ಮದಲ್ಲಿ ಮದ್ಯ ಮುಟ್ಟಿದವರಲ್ಲ. 1990ರ ದಶಕದ ಆರಂಭದಲ್ಲಿ ಜೀಪು ಮಗುಚಿ ತೊಡೆಯ ಎಲುಬು ಮುರಿದಾಗ ಅವರಿಗೆ ರಕ್ತ ಕೊಡಲಾಗಿತ್ತು. ದಾನಿಯ ರಕ್ತದಲ್ಲಿ ಹೆಪಟೈಟಿಸ್ ಸಿ ಇದೆಯೇ ಎಂದು ನೋಡುವುದು ನಮ್ಮ ದೇಶದಲ್ಲಿ ಕಡ್ಡಾಯವಾದದ್ದು ಈ ಶತಮಾನದ ಆರಂಭದಲ್ಲಿ ಮಾತ್ರ. ಆದ್ದರಿಂದ ಅಂದು ಯಾರನ್ನೂ ದೂರುವಂತಿಲ್ಲ. ಎಲುಬು ಕೂಡಿತು, ಅವರು ಮರಳಿ ತೋಟಕ್ಕಿಳಿದರು, ಮಕ್ಕಳ ಮದುವೆಯೂ ಆಯಿತು. ಹಲವು ವರ್ಷಗಳ ನಂತರ ಒಂದು ಮಳೆಗಾಲದ ಜ್ವರಕ್ಕೆ ಡೆಂಗಿ ಇರಬಹುದೆಂದು ರಕ್ತ ನೋಡಿದಾಗ ಪ್ಲೇಟ್‌ಲೆಟ್ ಕಡಿಮೆಯಿತ್ತು. ಜ್ವರ ಇಳಿದರೂ ಪ್ಲೇಟ್‌ಲೆಟ್ ಏರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಹೆಪಟೈಟಿಸ್ ಸಿ, ಅದರ ಜೊತೆಗೆ ಸಿರೋಸಿಸ್. ಯಕೃತ್ತಿನ ಗಡಸುತನವನ್ನು ಅಳೆಯುವ ಫೈಬ್ರೋಸ್ಕ್ಯಾನ್ ಯಂತ್ರ 19 ಕಿಲೋಪ್ಯಾಸ್ಕಲ್ ತೋರಿಸಿತು. ಈ ರೋಗದಲ್ಲಿ ಹನ್ನೆರಡೂವರೆ ದಾಟಿದರೆ ಸಿರೋಸಿಸ್ ಎಂದು ತಿಳಿಯುತ್ತೇವೆ.

ಕೇರಳ-ಕರ್ನಾಟಕ ಗಡಿಯಲ್ಲಿರುವವರಿಗೆ ಮುಂದಿನದು ಹೊಸತೇನಲ್ಲ. ಫೈಬ್ರೋಸ್ಕ್ಯಾನ್ ಆದದ್ದು ಮಂಗಳೂರಿನಲ್ಲಿ, ಗುಳಿಗೆ ಪಡೆದದ್ದು ಕೇರಳದ ಸರಕಾರಿ ಕೇಂದ್ರದಲ್ಲಿ, ರಕ್ತಪರೀಕ್ಷೆ ಪೇಟೆಯ ಲ್ಯಾಬಿನಲ್ಲಿ. ಒಂದು ಕಾಗದ ಇಂಗ್ಲಿಷಿನಲ್ಲಿ, ಇನ್ನೊಂದು ಮಲಯಾಳದಲ್ಲಿ, ಎಲ್ಲವೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ. ವೈರಸ್ ಇಲ್ಲ ಎಂಬ ವರದಿ ಬಂದ ದಿನ ಮನೆಯವರೆಲ್ಲ ಸಂತೋಷಪಟ್ಟು ಸತ್ಯನಾರಾಯಣ ಪೂಜೆ ಮಾಡಿಸಿದರು, ಊರವರಿಗೆ ಪಾಯಸದೂಟ ಹಾಕಿದರು. ಪ್ಲಾಸ್ಟಿಕ್ ಚೀಲ ಅಟ್ಟ ಸೇರಿತು. ಆರು ತಿಂಗಳಿಗೊಮ್ಮೆ ಬರಬೇಕೆಂದು ಹೇಳಿದ್ದಕ್ಕೆ ಒಮ್ಮೆ ಬಂದರು, ಸ್ಕ್ಯಾನ್ ಚೆನ್ನಾಗಿತ್ತು. ಮುಂದಿನ ಸಲ ಬರಬೇಕಾದಾಗ ಬೋರ್ಡೊ ಸಿಂಪಡಣೆಯ ಸಮಯ, ಅದರ ಮುಂದಿನ ಸಲ ಅಡಿಕೆ ಕೊಯ್ಲು. ಆಮೇಲೆ ನೆನಪೂ ಉಳಿಯಲಿಲ್ಲ.

ಹೀಗೆ ವರ್ಷಗಳು ಕಳೆದು ಕಣ್ಣಿಗೆ ಪೊರೆ ಬಂತು. ಶಸ್ತ್ರಚಿಕಿತ್ಸೆಗೆ ಮುನ್ನ ಎಲ್ಲರಿಗೂ ಮಾಡುವ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಪಾಸಿಟಿವ್ ಎಂದು ಬಂತು. ಮನೆಯಲ್ಲಿ ಸಿಡಿಲು ಬಡಿದಂತಾಯಿತು. ಹೋದ ರೋಗ ತಿರುಗಿ ಬಂತೆಂದು ಎಲ್ಲರೂ ನಂಬಿದರು. ಅವರ ತಟ್ಟೆ, ಲೋಟ ಬೇರೆಯಾಯಿತು. ಊಟ ಜಗಲಿಗೆ ಬಂತು. ಯಾರೋ ಹೇಳಿದರೆಂದು ನೆಲನೆಲ್ಲಿಯ ಕಷಾಯ, ಎಣ್ಣೆಯಿಲ್ಲದ, ಉಪ್ಪಿಲ್ಲದ ಚಪ್ಪೆ ಗಂಜಿ, ಮೊಸರಿಗೂ ಬೇಳೆಗೂ ನಿಷೇಧ. ಆ ಪಥ್ಯದಲ್ಲಿ ಅವರ ತೋಳಿನ ಮಾಂಸವೆಲ್ಲ ಕರಗಿತು. ಕೊನೆಗೆ ಮಗ ಅವರನ್ನು ಕರೆದುಕೊಂಡು ಬಂದು, "ಡಾಕ್ಟ್ರೇ, ಇನ್ನೊಮ್ಮೆ ಆ ಗುಳಿಗೆ ಕೊಡುವಿರಾ?" ಎಂದು ಕೇಳಿದರು.

ನನಗೆ ಸಿಟ್ಟು ಬಂದದ್ದು ಹೌದು. ಹೆಪಟೈಟಿಸ್ ಸಿಗೆ ಎರಡು ಪರೀಕ್ಷೆಗಳಿವೆ. ಒಂದು, ದೇಹ ಆ ವೈರಸ್ ವಿರುದ್ಧ ತಯಾರಿಸಿದ ಪ್ರತಿಕಾಯವನ್ನು ನೋಡುವುದು. ಒಮ್ಮೆ ಸೋಂಕು ತಗಲಿದವರಲ್ಲಿ ಇದು ಗುಣವಾದ ಮೇಲೂ ಎಷ್ಟೋ ವರ್ಷ, ಹೆಚ್ಚಿನವರಲ್ಲಿ ಬದುಕಿಡೀ, ಪಾಸಿಟಿವ್ ಆಗಿಯೇ ಇರುತ್ತದೆ. ಇನ್ನೊಂದು, ವೈರಸ್‌ನ ಆರ್‌ಎನ್‌ಎಯನ್ನೇ ಹುಡುಕುವುದು. ರೋಗ ಇದೆಯೋ ಇಲ್ಲವೋ ಎಂದು ಹೇಳುವುದು ಈ ಎರಡನೆಯದು ಮಾತ್ರ. ಅವರ ಆರ್‌ಎನ್‌ಎ ಪರೀಕ್ಷೆ ಮಾಡಿಸಿದೆವು. ವೈರಸ್ ಇರಲಿಲ್ಲ. ಇದ್ದಿದ್ದರೂ ಅದು ತಟ್ಟೆ ಲೋಟದಿಂದ, ಜೊತೆಯಲ್ಲಿ ಉಣ್ಣುವುದರಿಂದ, ಕೈ ಮುಟ್ಟುವುದರಿಂದ ಹರಡುವ ರೋಗವೇ ಅಲ್ಲ. ಅವರನ್ನು ಜಗಲಿಗೆ ಕಳುಹಿಸುವ ಅಗತ್ಯ ಯಾರಿಗೂ ಇರಲಿಲ್ಲ. ಎಲ್ಲರೂ ನಿಟ್ಟುಸಿರು ಬಿಟ್ಟು ಹೊರಡುವ ಹೊತ್ತಿಗೆ, ಬಂದದ್ದು ಬಂದಿರಿ, ಸ್ಕ್ಯಾನ್ ಮಾಡಿಸಿಕೊಂಡು ಹೋಗಿ ಎಂದು ನಾನೇ ಒತ್ತಾಯ ಮಾಡಿ ಕಳುಹಿಸಿದೆ. ಯಕೃತ್ತಿನ ಬಲಭಾಗದಲ್ಲಿ ಎರಡು ಸೆಂಟಿಮೀಟರಿನ ಗಡ್ಡೆಯಿತ್ತು. ಸಿಟಿ ಸ್ಕ್ಯಾನಿನಲ್ಲಿ ಅದು ಕ್ಯಾನ್ಸರೇ ಎಂದು ಖಚಿತವಾಯಿತು.

ಅಷ್ಟು ಸಣ್ಣ ಗಡ್ಡೆಯಾದ್ದರಿಂದ ಹೊಟ್ಟೆ ಕೊಯ್ಯದೆ, ಸೂಜಿಯೊಂದನ್ನು ಒಳಗೆ ಇಳಿಸಿ, ಶಾಖದಿಂದ ಅದನ್ನು ಸುಡಲು ಸಾಧ್ಯವಾಯಿತು. ಈಗ ಅವರು ಹೇಳಿದ ತಾರೀಕಿಗಿಂತ ಮೊದಲೇ ಬಂದು ಕುಳಿತಿರುತ್ತಾರೆ, ಪೊರೆ ತೆಗೆಸಿದ ಕಣ್ಣಿನಿಂದ ವರದಿಯನ್ನು ತಾವೇ ಓದುತ್ತಾರೆ. ಅವರಿಗೆ ಆ ಕಣ್ಣಿನ ಪೊರೆ ಇನ್ನೂ ಎರಡು ವರ್ಷ ತಡವಾಗಿ ಬಂದಿದ್ದರೆ ಗಡ್ಡೆ ಸೂಜಿಗೆ ಸಿಗುವ ಗಾತ್ರದಲ್ಲಿ ಉಳಿಯುತ್ತಿರಲಿಲ್ಲ. ಇಲ್ಲದ ರೋಗಕ್ಕೆ ಹೆದರಿ ಬಂದದ್ದರಿಂದ ಇರುವ ರೋಗ ಸಿಕ್ಕಿತು. ಹೀಗೆ ಅದೃಷ್ಟವನ್ನು ನೆಚ್ಚಿ ಕೂರಬೇಡಿರೆಂದೇ ನಾನು ಮತ್ತೆ ಮತ್ತೆ ಹೇಳುವುದು: ಆರು ತಿಂಗಳಿಗೊಮ್ಮೆ ಸ್ಕ್ಯಾನ್.

ಕಥೆ ಹೇಳುತ್ತಾ ಸಮಯ ಹೋದದ್ದು ತಿಳಿಯಲಿಲ್ಲ, ಗಾಜಿನ ಆಚೆಯಿಂದ ಕೈಸನ್ನೆಯೂ ಬರುತ್ತಿದೆ. ಉಳಿದದ್ದನ್ನು ಬೇಗ ಬೇಗನೆ ಹೇಳುತ್ತೇನೆ.

ಗುಣವಾದ ಮೇಲೆ ಫೈಬ್ರೋಸ್ಕ್ಯಾನ್ ಮಾಡಿದರೆ ಅಂಕಿ ಇಳಿದಿರುತ್ತದೆ. ಮೊದಲು 19 ಇದ್ದದ್ದು 10 ಆಗಿರಬಹುದು. ಉರಿಯೂತ ತಗ್ಗಿದರೂ ಅಂಕಿ ಇಳಿಯುತ್ತದೆ, ಕಲೆ ಕರಗಿದರೂ ಇಳಿಯುತ್ತದೆ. ಯಾವುದರಿಂದ ಎಷ್ಟು ಎಂದು ಯಂತ್ರ ಹೇಳುವುದಿಲ್ಲ. ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದದ್ದು ಔಷಧಿಗೆ ಮುಂಚಿನ ಅಂಕಿಯನ್ನು. ಅಟ್ಟದ ಮೇಲಿನ ಆ ಚೀಲವನ್ನು ಇಳಿಸಿ, ಆ ಕಾಗದವನ್ನು ಹುಡುಕಿ, ವೈದ್ಯರಿಗೆ ತೋರಿಸಿ. ಗಾಯದ ಮಟ್ಟವನ್ನು ಸೊನ್ನೆಯಿಂದ ನಾಲ್ಕರವರೆಗೆ ಅಳೆಯುತ್ತೇವೆ, ನಾಲ್ಕೇ ಸಿರೋಸಿಸ್. ಸೊನ್ನೆ, ಒಂದು, ಎರಡರಲ್ಲಿದ್ದು, ಮದ್ಯ, ಸಕ್ಕರೆಕಾಯಿಲೆ, ಬೊಜ್ಜು ಇಲ್ಲದವರು ನೆಮ್ಮದಿಯಿಂದ ಇರಬಹುದು. ಅವರಿಗೆ ಈ ಸ್ಕ್ಯಾನಿನ ಕಟ್ಟುಪಾಡಿಲ್ಲ. ಮೂರನೆಯ ಮಟ್ಟದವರ ವಿಷಯದಲ್ಲಿ ವೈದ್ಯರಲ್ಲಿ ಎರಡು ಅಭಿಪ್ರಾಯಗಳಿವೆ. ಮಾಡಿಸಲಿ ಎನ್ನುವ ಪಕ್ಷದವನು ನಾನು.

ಯಕೃತ್ತಿಗೆ ಟಾನಿಕ್ ಬೇಡ. ಮೆಡಿಕಲ್ ಶಾಪಿನಲ್ಲಿ ಲಿವರ್ ಟಾನಿಕ್ ಎಂದು ಮಾರುವ ಬಾಟಲಿಗೆ ಕೊಡುವ ಹಣದಲ್ಲಿ ಬೇಳೆ, ಮೊಟ್ಟೆ, ಮೀನು ಕೊಂಡುಕೊಳ್ಳಿ. ಕೊರೋನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಕುಡಿದು ಯಕೃತ್ತಿಗೆ ಹಾನಿಯಾದವರ ಬಗ್ಗೆ ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಸಿರೋಸಿಸ್ ಇದ್ದವರಿಗೆ ಪಥ್ಯಕ್ಕಿಂತ ಪ್ರೋಟೀನ್ ಮುಖ್ಯ. ಮಲಗುವ ಮುನ್ನ ಏನಾದರೂ ಸ್ವಲ್ಪ ತಿನ್ನುವುದು ಒಳ್ಳೆಯದು, ಏಕೆಂದರೆ ರಾತ್ರಿಯ ದೀರ್ಘ ಉಪವಾಸದಲ್ಲಿ ದೇಹ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿಲ್ಲದವರು ಉಪ್ಪನ್ನು ಪೂರ್ತಿ ಬಿಡಬೇಕಾಗಿಲ್ಲ. ಕಾಫಿ ಕುಡಿಯುವ ಅಭ್ಯಾಸವಿದ್ದವರು ಧಾರಾಳವಾಗಿ ಎರಡು ಮೂರು ಲೋಟ ಕುಡಿಯಬಹುದು, ಅದು ಯಕೃತ್ತಿಗೆ ಹಿತವೆಂದೇ ಅಧ್ಯಯನಗಳು ಹೇಳುತ್ತವೆ. ಸಕ್ಕರೆ ಮಾತ್ರ ಕಡಿಮೆಯಿರಲಿ. ಮದ್ಯ ಬೇಡ. ಬ್ರಾಂಡಿ ಬೇಡ, ಬಿಯರ್ ಬೇಡ, ತಾಳೆಮರದಿಂದ ಆಗಷ್ಟೇ ಇಳಿಸಿದ ಕಳ್ಳೂ ಬೇಡ. ತೋಟದ ಕೆಲಸದ ಸೊಂಟನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಗುಳಿಗೆಗಳನ್ನು ಸಿರೋಸಿಸ್ ಇದ್ದವರು ತಾವಾಗಿ ನುಂಗಬಾರದು. ಹೆಪಟೈಟಿಸ್ ಬಿ ಬೇರೆಯೇ ವೈರಸ್. ಅದು ಇದೆಯೇ ಎಂದು ನೋಡಿಸಿ, ಇಲ್ಲವಾದರೆ ಲಸಿಕೆ ಹಾಕಿಸಿಕೊಳ್ಳಿ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಒಮ್ಮೆ ಗುಣವಾದವರಿಗೆ ಅದು ಮತ್ತೊಮ್ಮೆ ತಗಲಬಹುದು, ಹಾಗಾಗಿ ಇನ್ನೊಬ್ಬರ ಶೇವಿಂಗ್ ಬ್ಲೇಡು, ಒಮ್ಮೆ ಬಳಸಿದ ಸಿರಿಂಜು ಎಂದಿಗೂ ಬೇಡ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಆರ್‌ಎನ್‌ಎ ಪರೀಕ್ಷೆಯನ್ನು ಆಗಾಗ ಮಾಡಿಸುತ್ತಲೇ ಇರಬೇಕು.

ಹಳೆಯ ಕಾಗದ ಗೆದ್ದಲು ತಿಂದು ಹೋಗಿದ್ದರೆ, ಔಷಧಿ ಕೊಟ್ಟ ಕೇಂದ್ರಕ್ಕೆ ಹೋಗಿ ಕೇಳಿ, ಅಲ್ಲಿ ನಿಮ್ಮ ದಾಖಲೆ ಇರಬೇಕು. ಅಲ್ಲಿಯೂ ಸಿಗದಿದ್ದರೆ ನಿಮ್ಮನ್ನು ಸಿರೋಸಿಸ್ ಇದ್ದವರೆಂದೇ ಭಾವಿಸಿ, ಈ ತಿಂಗಳೇ ಒಂದು ಸ್ಕ್ಯಾನ್ ಮಾಡಿಸಿ, ಮುಂದಿನದಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ನಮಸ್ಕಾರ.